19ರ ಹುಡುಗನ ಕೈಗೆ ಮಸ್ಟಾಂಗ್ ಕೊಡಬಹುದಾ? ಬೆಳಗಾವಿಯಿಂದ ಒಂದು ಪ್ರಶ್ನೆ

ಫೌಂಡ್ರಿ ಅಪ್ಪ (ಉದ್ಯಮಬಾಗ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಮಗನಿಗೆ 19 ತುಂಬಿದೆ, ಇಲ್ಲೇ ಇಂಜಿನಿಯರಿಂಗ್ ಎರಡನೇ ವರ್ಷ. 18 ಆದ ಕೂಡಲೇ ಎಲ್‌ಎಲ್‌ಆರ್ ಮಾಡಿಸಿ, ಟೆಸ್ಟ್ ಕೊಟ್ಟು ಡಿಎಲ್ ತಗೊಂಡ. ಮನೆಯಲ್ಲಿರುವ ಸ್ವಿಫ್ಟ್, ನೆಕ್ಸಾನ್ ಎರಡನ್ನೂ ಓಡಿಸುತ್ತಾನೆ. ಕಾಲೇಜಿಗೆ ಹೋಗಿ ಬರುತ್ತಾನೆ, ಅವರ ಅವ್ವನನ್ನು ಖಡೇಬಜಾರ್‌ಗೆ ಕರಕೊಂಡು ಹೋಗುತ್ತಾನೆ, ಹುಬ್ಬಳ್ಳಿಗೂ ಒಬ್ಬನೇ ಹೋಗಿ ಬಂದಿದ್ದಾನೆ. ಇಲ್ಲಿತನಕ ಗಾಡಿಗೆ ಒಂದು ಗೀರು ಬಿದ್ದಿಲ್ಲ.

ಬೆಂಗಳೂರಿನಲ್ಲಿ ಪರಿಚಯದವರೊಬ್ಬರು 2018ರ ಫೋರ್ಡ್ ಮಸ್ಟಾಂಗ್ ಜಿಟಿ ಮಾರುತ್ತಿದ್ದಾರೆ. 5 ಲೀಟರ್ ವಿ8 (ಎಂಟು ಸಿಲಿಂಡರ್) ಇಂಜಿನ್, 401 ಪಿಎಸ್ ಅಂದರೆ ಅಷ್ಟು ಅಶ್ವಶಕ್ತಿ, 515 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), ಪವರ್ ಎಲ್ಲ ಹಿಂದಿನ ಚಕ್ರಕ್ಕೆ. 2016ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಬೆಲೆ 65 ಲಕ್ಷ ಇತ್ತು. ಈಗ ಕೇಳುತ್ತಿರುವ ರೇಟು ನನ್ನ ಕೈಗೆ ಎಟಕುತ್ತದೆ. ಹೈಸ್ಕೂಲಿನಿಂದ ಅವನಿಗೆ ಈ ಕಾರಿನದೇ ಧ್ಯಾನ. ನನಗೂ ಆಸೆ ಇದೆ. ಮನೆಯವರು ಮಾತ್ರ ಖಂಡಿತ ಬೇಡ ಅನ್ನುತ್ತಾರೆ.

ಹುಡುಗ ಒಳ್ಳೆಯವನು. ಕುಡಿತ ಇಲ್ಲ, ಹೇಳಿದ ಮಾತು ಕೇಳುತ್ತಾನೆ. ಹಣದ ಮಾತು ಪಕ್ಕಕ್ಕಿಡಿ. ಇಂಥ ಕಾರಿಗೆ ಅವನು ತಯಾರಾಗಿದ್ದಾನಾ ಇಲ್ವಾ ಅಂತ ತಿಳಿಯುವುದು ಹೇಗೆ? ಅನುಭವ ಇರುವವರು ಬಿಚ್ಚಿ ಹೇಳಿ.

ಖಾನಾಪುರ ರಸ್ತೆ (ಬೆಳಗಾವಿ)

ಬೇಡ ಸರ್. ಪುಣೆಯ ಕಲ್ಯಾಣಿ ನಗರದಲ್ಲಿ 2024ರ ಮೇ 19ರ ನಸುಕಿನಲ್ಲಿ ಆಗಿದ್ದನ್ನು ನೆನೆಸಿಕೊಳ್ಳಿ. 17 ವರ್ಷದ ಹುಡುಗ, ಪೋರ್ಷೆ ಟೈಕಾನ್. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಸಾಫ್ಟ್‌ವೇರ್ ಇಂಜಿನಿಯರ್‌ಗಳು ಸತ್ತರು. ಆ ಕಾರು ಕೂಡ ಬೆಂಗಳೂರಿನಿಂದ ಹೋದದ್ದು, ತಾತ್ಕಾಲಿಕ ನೋಂದಣಿಯ ಮೇಲೆ ಓಡುತ್ತಿತ್ತು. ಮೊದಲು ಹುಡುಗನಿಗೆ 300 ಪದದ ಪ್ರಬಂಧ ಬರೆ ಅಂತ ಹೇಳಿ ಜಾಮೀನು ಕೊಟ್ಟಾಗ ಇಡೀ ದೇಶ ಸಿಟ್ಟಿಗೆದ್ದಿತ್ತು. ಸತ್ತ ಇಬ್ಬರೂ ದುಡಿಯುವ ವಯಸ್ಸಿನ ಮಕ್ಕಳು. ಅವರ ತಂದೆ ತಾಯಿಯನ್ನು ಟಿವಿಯಲ್ಲಿ ನೋಡಿದ ಮೇಲೆ ನನ್ನ ಉತ್ತರ ಬದಲಾಗಲ್ಲ.

ವಿಆರ್‌ಎಸ್ ತಮ್ಮ (ವಿಜಯಪುರ)

ಆ ಕೇಸನ್ನು ಇಲ್ಲಿಗೆ ತರುವುದು ಸರಿಯಲ್ಲ ಅಣ್ಣ. ಅವನಿಗೆ ಲೈಸೆನ್ಸ್ ತೆಗೆಸುವ ವಯಸ್ಸೇ ಆಗಿರಲಿಲ್ಲ. ಇವರ ಮಗ 19ರವನು, ಡಿಎಲ್ ಇದೆ, ಕುಡಿಯಲ್ಲ.

ನನಗೀಗ 22. ಹತ್ತೊಂಬತ್ತರಿಂದ ಮನೆಯ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರು ಓಡಿಸುತ್ತಿದ್ದೇನೆ, 245 ಪಿಎಸ್. ತಿಕೋಟಾ ಕಡೆ ನಮ್ಮ ದ್ರಾಕ್ಷಿ ತೋಟ ಇದೆ. ಅಲ್ಲಿಗೂ ಅದೇ, ಸೊಲ್ಲಾಪುರಕ್ಕೂ ಅದೇ. ಮೊದಲ ವರ್ಷ ಪೂರ್ತಿ ಅಪ್ಪ ಪಕ್ಕದಲ್ಲಿ ಕೂರುತ್ತಿದ್ದರು. ಏನೂ ಆಗಿಲ್ಲ.

ಇನ್ನೊಂದು ವಿಷಯ ಕೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಊರುಗಳಲ್ಲಿ 18 ತುಂಬಿದ ದಿನವೇ ಮಗನಿಗೆ ಕೆಟಿಎಂ 390 ಡ್ಯೂಕ್ ಬೈಕ್ ಕೊಡಿಸುವ ಅಪ್ಪಂದಿರು ಎಷ್ಟು ಜನ ಇಲ್ಲ? 2023ರ ತನಕ ಬಂದ ಮಾಡೆಲ್ 373 ಸಿಸಿ, 43 ಪಿಎಸ್, ತೂಕ ಎರಡು ಕ್ವಿಂಟಾಲ್ ಕೂಡ ಇಲ್ಲ. ಅದಕ್ಕೆ ಏರ್‌ಬ್ಯಾಗ್ ಇಲ್ಲ, ಬೆಲ್ಟ್ ಇಲ್ಲ. ಅಲ್ಲಿ ಸುಮ್ಮನಿದ್ದು, ಕಾರು ಅಂದ ಕೂಡಲೇ ಎಲ್ಲರೂ ಹೌಹಾರುತ್ತೇವೆ. ವಯಸ್ಸು ನೋಡಬೇಡಿ, ಹುಡುಗನ ಸ್ವಭಾವ ನೋಡಿ.

ವಿದ್ಯಾಗಿರಿ ಮಾಸ್ತರ (ಬಾಗಲಕೋಟೆ)

ಡ್ಯೂಕ್ ಬಗ್ಗೆ ನೀನು ಹೇಳಿದ್ದು ಸರಿ ತಮ್ಮ, ಅದೂ ಚರ್ಚೆ ಆಗಲೇಬೇಕು. ಆದರೆ ಸ್ವಭಾವ ಒಂದೇ ಸಾಕು ಅನ್ನುವುದನ್ನು ಒಪ್ಪಲ್ಲ. ನಾನು ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವನು. ಸ್ವಲ್ಪ ಲೆಕ್ಕ ಹಾಕೋಣ.

ಒಳ್ಳೆಯ ಟೈರು, ಒಣಗಿದ ಡಾಂಬರು, ಪೂರ್ತಿ ಬ್ರೇಕ್ ಅಂತ ಇಟ್ಟುಕೊಳ್ಳಿ. ಏನೋ ಅಡ್ಡ ಬಂತು ಅಂತ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು, ಚುರುಕಾದವನಿಗೂ. 100ರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ಗಾಡಿ 28 ಮೀಟರ್ ಹೋಗಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಇನ್ನೂ 55 ಮೀಟರ್. ಒಟ್ಟು 83. ಅದೇ 140ರಲ್ಲಿದ್ದರೆ 39 ಮೀಟರ್ ಯೋಚನೆಯಲ್ಲೇ ಹೋಯಿತು, ಬ್ರೇಕಿಗೆ 108 ಮೀಟರ್. ಒಟ್ಟು 147.

ಇಲ್ಲಿತನಕ ಎಲ್ಲರಿಗೂ ಗೊತ್ತಿರುವುದೇ. ಮುಂದಿನದನ್ನು ನನ್ನ ವಿದ್ಯಾರ್ಥಿಗಳು ಯಾರೂ ಸರಿಯಾಗಿ ಊಹಿಸಲ್ಲ. 100ರಲ್ಲಿದ್ದ ಕಾರು ಪೂರ್ತಿ ನಿಂತ ಆ ಜಾಗದಲ್ಲಿ, 140ರಲ್ಲಿದ್ದ ಕಾರಿನ ವೇಗ ಎಷ್ಟಿರುತ್ತದೆ? ಬಹಳ ಜನ 40 ಅನ್ನುತ್ತಾರೆ. ಲೆಕ್ಕ ಹಾಕಿದರೆ ಬರುವುದು ಗಂಟೆಗೆ 108 ಕಿಲೋಮೀಟರ್. ಒಂದು ಕಾರು ನಿಂತಿದೆ, ಇನ್ನೊಂದು ಇನ್ನೂ 108ರಲ್ಲಿ ನುಗ್ಗುತ್ತಿದೆ. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದಲ್ಲ, ಅದಕ್ಕೇ ಹೀಗೆ.

ಸ್ವಿಫ್ಟ್ ಕೂಡ 140 ಹೋಗುತ್ತದೆ, ನಿಜ. ಆದರೆ ಅಲ್ಲಿಗೆ ಮುಟ್ಟಲು ಅದಕ್ಕೆ ಹೊತ್ತು ಬೇಕು. ಇಂಜಿನ್ ಕೂಗುತ್ತದೆ, ಗಾಡಿ ಅದುರುತ್ತದೆ, ರಸ್ತೆ ಖಾಲಿ ಇರಬೇಕು. ಅಷ್ಟರಲ್ಲಿ ತಲೆ ಕೆಲಸ ಮಾಡುತ್ತದೆ. ಮಸ್ಟಾಂಗ್ ಜಿಟಿ ನಿಂತಲ್ಲಿಂದ 100ಕ್ಕೆ ಸುಮಾರು 5 ಸೆಕೆಂಡಿನಲ್ಲಿ ಹೋಗುತ್ತದೆ. 60ರಲ್ಲಿ ಲಾರಿಯ ಹಿಂದೆ ಇದ್ದವನು ಓವರ್‌ಟೇಕ್ ಮಾಡಿ ಮುಗಿಸುವಾಗ 120ರ ಮೇಲಿರುತ್ತಾನೆ, ಕೂತವನಿಗೆ ಗೊತ್ತೂ ಆಗಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ 2018ರ ಅಧಿಸೂಚನೆ ಇಟ್ಟ ಮಿತಿಯೇ 100.

ಬೇರೆ ದೇಶಗಳು ಇದಕ್ಕೆ ಕಾನೂನೇ ಮಾಡಿವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ರಾಜ್ಯಗಳಲ್ಲಿ ಹೊಸ ಡ್ರೈವರ್‌ಗಳು ಒಂದು ಟನ್ ತೂಕಕ್ಕೆ 130 ಕಿಲೋವ್ಯಾಟ್ ಮೀರಿದ ಕಾರು ಓಡಿಸುವಂತಿಲ್ಲ. ನೆಕ್ಸಾನ್ ಪೆಟ್ರೋಲಿಗೆ ಈ ಲೆಕ್ಕ 70ರ ಆಸುಪಾಸು ಬರುತ್ತದೆ. ವಿಜಯಪುರದ ತಮ್ಮನ ವಿಆರ್‌ಎಸ್ 130ರ ಒಳಗೇ ಇದೆ, ಅಂಚಿನಲ್ಲಿ. ಮಸ್ಟಾಂಗ್ ಜಿಟಿ 170ರ ಹತ್ತಿರ. ಅಲ್ಲಿಯ ಹುಡುಗರ ಸ್ವಭಾವ ಕೆಟ್ಟದು ಅಂತ ಈ ಕಾನೂನು ಮಾಡಿಲ್ಲ.

ವಿಆರ್‌ಎಸ್ ತಮ್ಮ (ವಿಜಯಪುರ)

108ರ ಲೆಕ್ಕ ಗೊತ್ತಿರಲಿಲ್ಲ ಸರ್. ಕಾಗದದ ಮೇಲೆ ಹಾಕಿ ನೋಡಿದೆ, ಸರಿಯಾಗಿದೆ.

ಆದರೂ ಕೇಳುತ್ತೇನೆ. ಮಸ್ಟಾಂಗ್‌ನಲ್ಲಿ ಎಬಿಎಸ್ ಇದೆ, ಚಕ್ರ ಸುಮ್ಮನೆ ತಿರುಗಿ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ಮಳೆಗೆ ಅಂತಲೇ ಸ್ನೋ/ವೆಟ್ ಮೋಡ್ ಇದೆ. ಅದೇ ಮೋಡ್‌ನಲ್ಲಿ ಓಡಿಸು ಅಂತ ಹೇಳಿದರೆ ಆಯ್ತಲ್ವಾ?

ಗ್ಯಾರೇಜ್ ಮಂದಿ (ಶಹಾಪುರ, ಬೆಳಗಾವಿ)

ಮೋಡ್ ಬದಲಿಸುವ ಗುಂಡಿ ನಾಲ್ಕು ಮೋಡ್ ತೋರಿಸುತ್ತದೆ ತಮ್ಮ: ನಾರ್ಮಲ್, ಸ್ಪೋರ್ಟ್ ಪ್ಲಸ್, ಟ್ರ್ಯಾಕ್, ಸ್ನೋ/ವೆಟ್. ಟ್ರ್ಯಾಕ್‌ಗೆ ಹಾಕಿದರೆ ಗಾಡಿಯನ್ನು ಹಿಡಿದು ಕಾಪಾಡುವ ಕೆಲಸ ಕಡಿಮೆ ಆಗುತ್ತದೆ. ಬೆರಳ ತುದಿಯ ಕೆಲಸ ಅದು. ಪಕ್ಕದಲ್ಲಿ ಗೆಳೆಯ ಕೂತು "ಒಮ್ಮೆ ಹಾಕೋ ಮಾರಾಯಾ" ಅಂದಾಗ ಅದು ಸ್ನೋ/ವೆಟ್‌ನಲ್ಲೇ ಇರುತ್ತದಾ?

ಹಿಂದಿನ ಚಕ್ರದ ಪವರ್ ಬಗ್ಗೆ ಹೇಳುತ್ತೇನೆ. ಮನೆಯ ಸ್ವಿಫ್ಟ್, ನೆಕ್ಸಾನ್ ಎರಡೂ ಮುಂದಿನ ಚಕ್ರದವು. ತಿರುವಿನಲ್ಲಿ ಜಾಸ್ತಿ ಎಕ್ಸಲರೇಟರ್ ಒತ್ತಿದರೆ ಮೂತಿ ಹೊರಗೆ ಜಾರುತ್ತದೆ. ಹೆದರಿ ಕಾಲು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಿಂದಿನ ಚಕ್ರದ ಗಾಡಿಯಲ್ಲಿ ಬಾಲ ಜಾರುತ್ತದೆ. ಆಗ ಹೆದರಿ ಒಮ್ಮೆಲೇ ಕಾಲು ತೆಗೆದರೆ ಭಾರ ಎಲ್ಲ ಮುಂದಕ್ಕೆ ಬಂದು ಹಿಂಭಾಗ ಇನ್ನೂ ಹಗುರ ಆಗುತ್ತದೆ, ಗಾಡಿ ತಿರುಗಿಬಿಡಬಹುದು. ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸಬೇಕು, ಅಷ್ಟೇ ಬೇಗ ವಾಪಸ್ ತರಬೇಕು. ಅಂದರೆ ಹುಡುಗ ಈಗ ಕಲಿತಿರುವ ಕೈಕಾಲಿನ ರೂಢಿಯೇ ಇಲ್ಲಿ ಅವನಿಗೆ ತಿರುಗಿಬೀಳುತ್ತದೆ. ಜಾಂಬೋಟಿ ದಾಟಿ ಕಣಕುಂಬಿ ಕಡೆ ಜುಲೈ ಮಳೆಯಲ್ಲಿ, ಚೋರ್ಲಾ ಘಾಟಿನ ತಿರುವಿನಲ್ಲಿ, ಇದನ್ನು ಮೊದಲ ಸಲ ಕಲಿಯುವುದಾ?

ಅಣ್ಣಾರೇ, ಖರೀದಿ ಬೇರೆ ಮಾತು, ಆದರೂ ಕೇಳಿ. 2018ರ ಗಾಡಿ ಅಂದಿರಲ್ಲ, ಮೊದಲು ಟೈರು ನೋಡಿಸಿ. ಟೈರಿನ ಪಕ್ಕದಲ್ಲಿ ಡಾಟ್ ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 1918 ಅಂತಿದ್ದರೆ 2018ರ 19ನೇ ವಾರ ತಯಾರಾದದ್ದು. ಇಂಥ ಗಾಡಿಗಳು ಶೆಡ್‌ನಲ್ಲಿ ನಿಂತಿದ್ದೇ ಜಾಸ್ತಿ, ಹಾಗಾಗಿ ಟೈರಿನ ಗೀರುಗಳು (ಟ್ರೆಡ್) ಆಳ ಇರುತ್ತವೆ, ನೋಡಲು ಹೊಸದರ ಹಾಗೇ ಕಾಣುತ್ತದೆ. ಉಗುರು ಒತ್ತಿ ನೋಡಿ. ಒಳ್ಳೆಯ ರಬ್ಬರ್ ಸ್ವಲ್ಪ ಒಳಗೆ ಹೋಗಿ ವಾಪಸ್ ಬರುತ್ತದೆ. ಹಳೆಯದು ಒಣಗಿ ಗಟ್ಟಿಯಾಗಿರುತ್ತದೆ, ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಾಣುತ್ತವೆ. ಅಂಥ ಟೈರಿನ ಮೇಲೆ 515 ಎನ್‌ಎಂ ಬಿಟ್ಟರೆ ಒದ್ದೆ ರಸ್ತೆಯಲ್ಲಿ ಹಿಡಿತವೇ ಇರಲ್ಲ. ಮುಂದೆ 255, ಹಿಂದೆ 275 ಅಗಲ, 19 ಇಂಚು. ನಮ್ಮೂರ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಮಾಲಲ್ಲ. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂತ 2021ರಲ್ಲೇ ಹೇಳಿತು, ಬಿಡಿಭಾಗಕ್ಕೂ ಕಾಯಬೇಕು.

ಫೌಂಡ್ರಿ ಅಪ್ಪ (ಉದ್ಯಮಬಾಗ, ಬೆಳಗಾವಿ)

ಇಷ್ಟು ಜನ ಸಮಯ ಕೊಟ್ಟು ಬರೆದಿದ್ದೀರಿ, ಧನ್ಯವಾದ. ಮಾಸ್ತರರ ಲೆಕ್ಕವನ್ನು ಮನೆಯಲ್ಲಿ ಊಟದ ಹೊತ್ತಿಗೆ ಹೇಳಿದೆ. ಮಗ ಸುಮ್ಮನೆ ಕೇಳಿಸಿಕೊಂಡ.

ನನ್ನ ತಲೆಯಲ್ಲಿ ಒಂದು ದಾರಿ ಇದೆ. ಕಾರು ನನ್ನ ಹೆಸರಿನಲ್ಲಿ, ಕೀಲಿ ನನ್ನ ಹತ್ತಿರ. ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಹೊರಡುವುದು, ಒಮ್ಮೆ ಅವನು, ಒಮ್ಮೆ ನಾನು. ಇದು ನಡೆಯುತ್ತದಾ?

ನವನಗರದ ಅಕ್ಕ (ಬಾಗಲಕೋಟೆ)

ಅಣ್ಣಾ, ನಾನು ಎರಡು ಗಂಡುಮಕ್ಕಳ ತಾಯಿ. ನಿಮ್ಮ ಮನೆಯವರ ಪರವಾಗಿ ಬರೆಯುತ್ತೇನೆ ಅಂತ ತಿಳಿದುಕೊಳ್ಳಿ.

ಕೀಲಿ ನಿಮ್ಮ ಹತ್ತಿರ ಇರುತ್ತದೆ, ಸರಿ. ನೀವು ಕೆಲಸದ ಮೇಲೆ ಪುಣೆಗೆ ಹೋದ ದಿನ? ಗೆಳೆಯನ ಅಕ್ಕನ ಮದುವೆ ಇರುವ ದಿನ? ಕಾಲೇಜಿನ ಫೆಸ್ಟ್ ಇರುವ ದಿನ? ಅವನು ಕೇಳುತ್ತಾನೆ, ನೀವು ಬೇಡ ಅನ್ನುತ್ತೀರಿ, ಒಮ್ಮೆ ಅಲ್ಲ ಹತ್ತು ಸಲ. ಹನ್ನೊಂದನೇ ಸಲ ಅವನ ಅವ್ವನನ್ನು ಕೇಳುತ್ತಾನೆ. ಮನೆಯಲ್ಲಿ ಆ ಕಾರು ನಿಂತಿರುವಷ್ಟು ದಿನ ಈ ಜಗಳ ಅವಳ ಪಾಲಿಗೆ.

ಇನ್ನೊಂದು ಮಾತು. ನಿಮ್ಮ ಮಗ ಒಬ್ಬನೇ ಇದ್ದಾಗ ಹೇಗೆ ಓಡಿಸುತ್ತಾನೆ ಅಂತ ನಿಮಗೆ ಗೊತ್ತು. ನೀವು ಪಕ್ಕದಲ್ಲಿದ್ದಾಗ ಹೇಗೆ ಅಂತಲೂ ಗೊತ್ತು. ಮೂರು ಜನ ಗೆಳೆಯರು ಕೂತಾಗ ಹೇಗೆ ಅಂತ ಗೊತ್ತಾ? ಹದಿಹರೆಯದವರ ಅಪಘಾತಗಳ ಬಗ್ಗೆ ಹಲವು ದೇಶಗಳಲ್ಲಿ ಅಧ್ಯಯನ ಆಗಿದೆ. ಕಾರಿನಲ್ಲಿ ಓರಗೆಯವರು ಹೆಚ್ಚಿದಷ್ಟೂ ಅಪಾಯ ಹೆಚ್ಚುತ್ತದೆ, ರಾತ್ರಿ ಇನ್ನೂ ಹೆಚ್ಚು. ಅಮೆರಿಕದ ಎಷ್ಟೋ ರಾಜ್ಯಗಳು ಹೊಸ ಡ್ರೈವರ್‌ಗೆ ರಾತ್ರಿ ಹೊತ್ತು, ಗೆಳೆಯರ ಸಂಖ್ಯೆ ಎರಡಕ್ಕೂ ಮಿತಿ ಹಾಕಿರುವುದು ಇದೇ ಕಾರಣಕ್ಕೆ. ಮುಂದಿನದನ್ನು ಯೋಚಿಸಿ ತಡೆದುಕೊಳ್ಳುವ ಮೆದುಳಿನ ಭಾಗ 25ರ ಆಸುಪಾಸಿನ ತನಕ ಬೆಳೆಯುತ್ತಲೇ ಇರುತ್ತದೆ ಅಂತಾರೆ. ಒಳ್ಳೆಯ ಹುಡುಗ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಿಂದೆ ಕೂರುವ ಮಕ್ಕಳ ಬಗ್ಗೆಯೂ ಹೇಳಿಬಿಡುತ್ತೇನೆ. ಇದೇ ಮಸ್ಟಾಂಗ್‌ಗೆ 2017ರ ಜನವರಿಯಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಕೊಟ್ಟಿದ್ದು 5ಕ್ಕೆ 2 ಸ್ಟಾರ್. ಹಿಂದಿನ ಸೀಟಿನ ಬೆಲ್ಟ್‌ಗಳಲ್ಲಿ ಪ್ರಿಟೆನ್ಶನರ್ (ಡಿಕ್ಕಿಯಾದ ಕೂಡಲೇ ಬೆಲ್ಟ್ ಬಿಗಿ ಮಾಡುವ ಸಾಧನ) ಇರಲಿಲ್ಲ. ಆಮೇಲೆ ಸುಧಾರಿಸಿದ ಮೇಲೂ 3 ಸ್ಟಾರ್. ನಿಮ್ಮ ಮನೆಯ ನೆಕ್ಸಾನ್‌ಗೆ 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ 5 ಸ್ಟಾರ್ ಕೊಟ್ಟಿದೆ. ಎರಡೂ ಬೇರೆ ಬೇರೆ ಪರೀಕ್ಷೆ, ಒಂದಕ್ಕೊಂದು ಹೋಲಿಸುವಂತಿಲ್ಲ, ಒಪ್ಪುತ್ತೇನೆ. ಆದರೂ ದುಬಾರಿ ಕಾರು ಅಂದರೆ ಗಟ್ಟಿ ಕಾರು ಅಂತ ಯಾರೂ ತಿಳಿಯಬಾರದು.

ಕಾಯ್ದೆ ಮಾತು (ವಿಜಯಪುರ)

ವಕೀಲೆ. ಇಲ್ಲಿ ಕಾನೂನಿನ ವಿಷಯ ಗೊಂದಲ ಆಗಿದೆ, ಬಿಡಿಸಿ ಹೇಳುತ್ತೇನೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮು 18 ತುಂಬದವರಿಗೆ ಸಂಬಂಧಿಸಿದ್ದು. ಮಗು ಗಾಡಿ ಓಡಿಸಿ ಅಪರಾಧ ಆದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ, 12 ತಿಂಗಳು ನೋಂದಣಿ ರದ್ದು, ಆ ಮಗುವಿಗೆ 25 ವರ್ಷದ ತನಕ ಲೈಸೆನ್ಸ್ ಇಲ್ಲ. ಈ ಹುಡುಗನಿಗೆ 19, ಹಾಗಾಗಿ ಇದು ಅವನಿಗೆ ಬರಲ್ಲ. ಆದರೆ ಅವನ 17ರ ಗೆಳೆಯ "ಒಂದು ರೌಂಡ್ ಕೊಡೋ" ಅಂತ ಕೇಳಿ ಇವನು ಕೊಟ್ಟರೆ? ಗಾಡಿ ತಂದೆಯ ಹೆಸರಿನಲ್ಲಿದೆ. ಆಗ ಇದೇ ಕಲಮು ತಂದೆಯ ಮನೆ ಬಾಗಿಲಿಗೆ ಬರುತ್ತದೆ. ನಮಗೆ ಗೊತ್ತೇ ಇರಲಿಲ್ಲ, ತಡೆಯಲು ಎಲ್ಲ ಪ್ರಯತ್ನ ಮಾಡಿದ್ದೆವು ಅಂತ ಸಾಬೀತು ಮಾಡುವ ಹೊಣೆಯೂ ಅವರದೇ.

19ರವನು ಅಜಾಗರೂಕತೆಯಿಂದ ಓಡಿಸಿ ಯಾರಾದರೂ ಸತ್ತರೆ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106(1) ಕಲಮು. 5 ವರ್ಷದ ತನಕ ಶಿಕ್ಷೆ. ಹಿಂದಿನ 304ಎ ಇದ್ದಾಗ 2 ವರ್ಷ ಇತ್ತು. ಇಂಜಿನಿಯರಿಂಗ್ ಓದುವ ಹುಡುಗ ತಾರೀಖಿಗೆ ತಾರೀಖು ಕೋರ್ಟಿಗೆ ಬರುವುದನ್ನು ನಾನು ನೋಡಿದ್ದೇನೆ. ಪಾಸ್‌ಪೋರ್ಟ್, ನೌಕರಿ ಎಲ್ಲ ಕಡೆ ಆ ಕೇಸಿನ ಪ್ರಶ್ನೆ ಬರುತ್ತದೆ. ಸತ್ತವರ ಮನೆಯವರ ಗತಿಯನ್ನು ಬರೆಯಲು ನನಗೆ ಆಗಲ್ಲ.

ವಿಮೆಯ ಬಗ್ಗೆ ಒಂದು ಮಾತು. ಇಂಗ್ಲೆಂಡಿನಂಥ ಕಡೆ 19ರ ಹುಡುಗನಿಗೆ ವಿ8 ಕಾರಿನ ಪ್ರೀಮಿಯಂ ಕೇಳಿದರೆ ಅಲ್ಲೇ ಆಸೆ ಮುರಿಯುತ್ತದೆ, ಯಾಕೆಂದರೆ ಓಡಿಸುವವನ ವಯಸ್ಸು ನೋಡಿ ರೇಟು ಹಾಕುತ್ತಾರೆ. ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ನಿಂತಿರುವುದು ಇಂಜಿನ್ ಸಿಸಿ ಮೇಲೆ. 2022ರ ದರದಲ್ಲಿ 1500 ಸಿಸಿ ಮೀರಿದ ಖಾಸಗಿ ಕಾರಿಗೆ ವರ್ಷಕ್ಕೆ 7,897 ರೂಪಾಯಿ. 60 ವರ್ಷದವರು ಓಡಿಸಲಿ, 19ರವನು ಓಡಿಸಲಿ, ಅಷ್ಟೇ. ಅಂದರೆ ಬೇಡ ಅನ್ನುವ ಕೆಲಸವನ್ನು ಇಲ್ಲಿ ಕಂಪನಿಯೂ ಮಾಡಲ್ಲ, ಸರ್ಕಾರವೂ ಮಾಡಲ್ಲ. ಅಪ್ಪನೇ ಮಾಡಬೇಕು.

ಹಳೇ ಡ್ರೈವರ್ (ಬಾಗಲಕೋಟೆ)

ನಾನು ಸಾರಿಗೆ ಸಂಸ್ಥೆಯಲ್ಲಿ ಬಸ್ ಓಡಿಸಿ ನಿವೃತ್ತಿ ಆದವನು. ಮೊಮ್ಮಗ ಇದನ್ನೆಲ್ಲ ಓದಿ ಹೇಳಿದ. ನಾನು ಹೇಳಿದ್ದನ್ನು ಅವನೇ ಟೈಪ್ ಮಾಡುತ್ತಿದ್ದಾನೆ.

ತಯಾರಾಗಿದ್ದಾನಾ ಅಂತ ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡುತ್ತೇನೆ.

ಮಗನನ್ನು ನೆಕ್ಸಾನ್‌ನಲ್ಲಿ ಕೂರಿಸಿ. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ, ಕಲಾದಗಿ, ಗದ್ದನಕೇರಿ ಕ್ರಾಸ್ ಮೇಲೆ ಬಾಗಲಕೋಟೆಗೆ ಬನ್ನಿ. ಕಬ್ಬಿನ ಹಂಗಾಮು ಇರುವಾಗಲೇ ಬನ್ನಿ, ಅರ್ಧ ದಾರಿ ಕತ್ತಲಾಗಬೇಕು. ಹಾಡು ಬಂದ್, ಫೋನ್ ಬಂದ್. ನೀವು ಪಕ್ಕದಲ್ಲಿ ಕೂತು ಒಂದೇ ಕೆಲಸ ಹೇಳಿ: ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಿಸು. ಕಂಡದ್ದಷ್ಟೇ ಅಲ್ಲ, ಅದರಿಂದ ಏನಾಗಬಹುದು ಅನ್ನುವುದನ್ನೂ ಹೇಳಬೇಕು.

ಕಲಿತವನು ಹೀಗೆ ಹೇಳುತ್ತಾನೆ: ಎಡಕ್ಕೆ ಆಡಿನ ಹಿಂಡು, ಕಾಯುವ ಹುಡುಗ ಬಲದ ದಂಡೆಯಲ್ಲಿದ್ದಾನೆ, ಹಿಂಡು ಅವನ ಕಡೆ ದಾಟಬಹುದು. ಮುಂದೆ ಬಸ್ಸು ನಿಂತಿದೆ, ಅದರ ಮೂತಿಯ ಮುಂದಿಂದ ಯಾರೋ ಹೊರಬರುತ್ತಾರೆ. ಎದುರಿನ ಲಾರಿ ಡಿಪ್ಪರ್ ಹೊಡೆದ, ಅವನ ಹಿಂದೆ ಯಾರೋ ಓವರ್‌ಟೇಕಿಗೆ ಕಾಯುತ್ತಿದ್ದಾರೆ. ರಸ್ತೆ ಮೇಲೆ ಕಬ್ಬಿನ ಗಳ ಬಿದ್ದಿವೆ, ಅಂದರೆ ಮುಂದೆ ಟ್ರ್ಯಾಕ್ಟರ್ ಇದೆ, ಎರಡು ಟ್ರೇಲರ್ ಇರುತ್ತವೆ, ಹಿಂದೆ ಲೈಟ್ ಇರಲ್ಲ.

ಕಲಿಯದವನು "ಮುಂದೆ ಕಾರಿದೆ, ಮುಂದೆ ಲಾರಿ ಇದೆ" ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಮಾತು ಮುಗಿಯುತ್ತದೆ.

ನಮ್ಮ ಕಡೆ ಇನ್ನೊಂದು ಇದೆ, ಹೆದ್ದಾರಿಯಲ್ಲಿ ಕಲಿತವರಿಗೆ ಗೊತ್ತಿರಲ್ಲ. ಟ್ರೇಲರ್ ಕೆಟ್ಟು ನಿಂತರೆ ಗಾಲಿಗೆ ಕಲ್ಲು ಕೊಡುತ್ತಾರೆ, ಹಿಂದೆ ಸುತ್ತಲೂ ಕಲ್ಲು ಸಾಲಾಗಿ ಇಡುತ್ತಾರೆ. ರಿಪೇರಿ ಆದ ಮೇಲೆ ಟ್ರೇಲರ್ ಹೋಗುತ್ತದೆ, ಕಲ್ಲು ಅಲ್ಲೇ ಇರುತ್ತವೆ. ರಾತ್ರಿ ಡಿಮ್ ಲೈಟಿನಲ್ಲಿ ಕರಿ ಡಾಂಬರಿನ ಮೇಲೆ ಕರಿ ಕಲ್ಲು. ಆ ಕಾರು ನೆಲಕ್ಕೆ ಹತ್ತಿಕೊಂಡಂತೆ ಇರುತ್ತದೆ ಅಂತ ಮೊಮ್ಮಗ ಫೋಟೋ ತೋರಿಸಿದ. ಕಲ್ಲು ಹೊಟ್ಟೆಗೇ ಬಡಿಯುತ್ತದೆ.

ಕಣ್ಣು ದೂರಕ್ಕೆ ಹೋಗಲು ವರ್ಷಗಳು ಬೇಕು. ಬೇಸಿಗೆ, ಮಳೆಗಾಲ, ಹಂಗಾಮು, ಜಾತ್ರೆ ಎಲ್ಲ ಒಂದೆರಡು ಸುತ್ತು ಆಗಬೇಕು. ನಿಧಾನದ ಗಾಡಿ ತಪ್ಪಿಗೆ ಸ್ವಲ್ಪ ಹೊತ್ತು ಕೊಡುತ್ತದೆ, ಆ ಹೊತ್ತಿನಲ್ಲೇ ಕಲಿಯುವುದು. ಜೋರಿನ ಗಾಡಿ ಆ ಹೊತ್ತನ್ನು ಕಸಿದುಕೊಳ್ಳುತ್ತದೆ. ಕೈ ಎಷ್ಟು ಚುರುಕಿದೆ ಅಂತ ನೋಡಬೇಡಿ, ಹತ್ತೊಂಬತ್ತಕ್ಕೆ ಎಲ್ಲರ ಕೈಯೂ ಚುರುಕೇ.

ವಿಆರ್‌ಎಸ್ ತಮ್ಮ (ವಿಜಯಪುರ)

ಕಾಕಾ, ಇದು ಚಲೋ ಇದೆ. ಅಪ್ಪ ನನ್ನ ಪಕ್ಕ ಕೂತು ಮಾಡುತ್ತಿದ್ದುದು ಸುಮಾರು ಇದೇ. "ಆ ಬೈಕಿನವನು ಏನು ಮಾಡ್ತಾನೆ ಹೇಳು" ಅಂತ ಕೇಳುತ್ತಲೇ ಇರುತ್ತಿದ್ದರು. ಆಗ ತಲೆನೋವು ಅನ್ನಿಸುತ್ತಿತ್ತು.

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಜವಾಬ್ದಾರಿ ಇರುವ ಹುಡುಗನಿಗೆ ಸ್ವಲ್ಪ ಜೋರಿನ ಕಾರು ಕೊಡಬಹುದು ಅಂತಲೇ ನಂಬುತ್ತೇನೆ. ಆದರೆ ಮೊದಲ ಹೆಜ್ಜೆಗೇ 401 ಪಿಎಸ್, ಅದೂ ಹಿಂದಿನ ಚಕ್ರ, ಜಾಸ್ತಿ ಆಯ್ತು. ನನಗೇ ಈಗ ಕೊಟ್ಟರೂ ಮಳೆಯಲ್ಲಿ ಚೋರ್ಲಾಕ್ಕೆ ತಗೊಂಡು ಹೋಗಲ್ಲ.

ಟಿಳಕವಾಡಿ ಕಾರ್ಟರ್ (ಬೆಳಗಾವಿ)

ಎಲ್ಲರೂ ಬೇಡ ಬೇಡ ಅಂತ ಹೇಳುತ್ತಿದ್ದೀರಿ, ಹುಡುಗನ ಹುಚ್ಚಿಗೆ ಜಾಗ ಎಲ್ಲಿ? ಆ ಆಸೆ ಸುಳ್ಳಲ್ಲ. ಅದನ್ನು ಒತ್ತಿಟ್ಟರೆ ಗೆಳೆಯನ ಬೈಕಿನ ಮೇಲೆ ಸುವರ್ಣ ವಿಧಾನಸೌಧದ ಮುಂದಿನ ಹೆದ್ದಾರಿಯಲ್ಲಿ ಹೊರಬರುತ್ತದೆ.

ಕೊಲ್ಹಾಪುರದಲ್ಲಿ ಕಾರ್ಟಿಂಗ್ ಟ್ರ್ಯಾಕ್ ಇದೆ, ಕಾರ್ಟ್ ಅಂದರೆ ಒಬ್ಬರೇ ಕೂರುವ ಚಿಕ್ಕ ರೇಸ್ ಗಾಡಿ. ನಿಪ್ಪಾಣಿ ದಾಟಿದರೆ ದೂರ ಏನಿಲ್ಲ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಕಾರ್ಟ್‌ನಲ್ಲೂ ಪವರ್ ಹಿಂದಿನ ಚಕ್ರಕ್ಕೇ. ಬಾಲ ಜಾರುವುದು, ಹಿಡಿಯುವುದು, ತಿರುವಿಗೆ ಮೊದಲೇ ಬ್ರೇಕ್ ಮುಗಿಸುವುದು, ತಿರುವಿನ ಆಚೆ ಕಣ್ಣು ಇಡುವುದು ಎಲ್ಲ ಅಲ್ಲಿ ಬರುತ್ತದೆ. ಜಾರಿದರೆ ಟೈರಿನ ಗೋಡೆಗೆ ತಾಗುತ್ತೀರಿ, ಎದುರಿಗೆ ಆಡಿನ ಹಿಂಡು ಇರಲ್ಲ. ಅದರಲ್ಲೇ ಮನಸ್ಸು ನಿಂತರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್ ಇವೆ, ತರಬೇತಿಯೂ ಸಿಗುತ್ತದೆ. ಮಸ್ಟಾಂಗ್‌ನ ಒಂದು ಜೊತೆ ಟೈರಿನ ದುಡ್ಡಿನಲ್ಲಿ ಎಷ್ಟೋ ಭಾನುವಾರ ಕಾರ್ಟಿಂಗ್ ಆಗುತ್ತದೆ ಸರ್.

ಫೌಂಡ್ರಿ ಅಪ್ಪ (ಉದ್ಯಮಬಾಗ, ಬೆಳಗಾವಿ)

ಹಳೇ ಡ್ರೈವರ್ ಕಾಕಾ ಹೇಳಿದ ಹಾಗೆ ಮಾಡಿದೆವು. ಶನಿವಾರ ಮಧ್ಯಾಹ್ನ ಹೊರಟೆವು, ಯರಗಟ್ಟಿ ದಾಟುವಾಗ ಸಂಜೆ. ಏನಾಯಿತು ಅಂತ ಮಗನೇ ಬರೆಯುತ್ತೇನೆ ಅಂದಿದ್ದಾನೆ, ಕೆಳಗೆ ಅವನದು.

ಫೌಂಡ್ರಿ ಅಪ್ಪನ ಮಗ

ಎಲ್ಲರಿಗೂ ನಮಸ್ಕಾರ. ಈ ಎಲ್ಲ ಮಾತು ನನ್ನ ಬಗ್ಗೆ ಅಂತ ಗೊತ್ತಾದಾಗ ಮೊದಲು ಸಿಟ್ಟು ಬಂತು. ಆಮೇಲೆ ಕೂತು ಎಲ್ಲ ಓದಿದೆ.

ಯರಗಟ್ಟಿ ತನಕ ಬೆಳಕಿತ್ತು, ಚೆನ್ನಾಗಿ ಹೇಳುತ್ತಾ ಬಂದೆ. ಬಸ್ ಸ್ಟಾಪ್, ಬೈಕಿನವರು, ಸ್ಕೂಲ್ ಬೋರ್ಡ್. ಕತ್ತಲಾದ ಮೇಲೆ ಕಷ್ಟ ಆಯಿತು. ಎದುರಿನ ಲೈಟು ಕಣ್ಣಿಗೆ ಹೊಡೆದಾಗ ನಾನು ಆ ಲೈಟನ್ನೇ ನೋಡುತ್ತಿದ್ದೆ. ಅಪ್ಪ ಎಡದ ಬಿಳಿ ಗೆರೆ ನೋಡು ಅಂದರು. ಲೋಕಾಪುರದ ಈಚೆ ಅಪ್ಪ ಒಮ್ಮೆಲೇ "ಕಬ್ಬು" ಅಂದರು. ನನಗೆ ಟ್ರೇಲರ್ ಕಾಣಲೇ ಇಲ್ಲ. ರಸ್ತೆ ಮೇಲಿನ ಗಳ ನೋಡಿ ಅವರಿಗೆ ಗೊತ್ತಾಗಿತ್ತು. ನಾನು 60ರಲ್ಲಿದ್ದೆ, ಆರಾಮಾಗಿ ನಿಧಾನ ಮಾಡಿದೆ. ಹಿಂದೆ ಹೋಗಿ ನಿಂತಾಗ ನೋಡಿದೆ, ಎರಡನೇ ಟ್ರೇಲರ್‌ನ ಕಬ್ಬು ಹಿಂದಕ್ಕೆ ಎಷ್ಟೋ ಉದ್ದ ಚಾಚಿಕೊಂಡಿತ್ತು, ಸರಿಯಾಗಿ ನಮ್ಮ ಗಾಜಿನ ಎತ್ತರಕ್ಕೆ. ಒಂದು ರಿಫ್ಲೆಕ್ಟರ್ ಕೂಡ ಇರಲಿಲ್ಲ. ಮಾಸ್ತರರ ಲೆಕ್ಕದ 100 ಮತ್ತು 140 ಅಲ್ಲೇ ನೆನಪಾಯಿತು.

ಮಸ್ಟಾಂಗ್ ಆಸೆ ಹೋಗಿಲ್ಲ, ಹೋಗುವುದೂ ಇಲ್ಲ. ಅಪ್ಪ ಮತ್ತು ನಾನು ಮಾತಾಡಿದ್ದೇವೆ. ಈಗ ಬೇಡ. ಡಿಗ್ರಿ ಮುಗಿಯುವ ತನಕ ನೆಕ್ಸಾನ್. ಅಷ್ಟರಲ್ಲಿ ಟ್ರ್ಯಾಕ್‌ನಲ್ಲಿ ಕಲಿಯುವುದು, ಹಂಗಾಮಿನಲ್ಲಿ ಈ ರಸ್ತೆಗೆ ಮತ್ತೆ ಮತ್ತೆ ಬರುವುದು. ಆಮೇಲೂ ಬೇಕು ಅನ್ನಿಸಿದರೆ ಮೊದಲು ಮುಂದಿನ ಚಕ್ರದ, ಇನ್ನೂರು ಪಿಎಸ್ ಆಸುಪಾಸಿನ ಕಾರು. ಅವ್ವ ಇದಕ್ಕೆ ಒಪ್ಪಿದ್ದಾಳೆ. ಗೆಳೆಯರಿಗೆ ಗಾಡಿ ಕೊಡಲ್ಲ ಅಂತ ವಕೀಲೆ ಮೇಡಂ ಹೇಳಿದ್ದನ್ನು ತೋರಿಸಿ ಗ್ರೂಪಿನಲ್ಲಿ ಹಾಕಿದ್ದೇನೆ.

ಟಿಳಕವಾಡಿ ಅಣ್ಣಾ, ಈ ಭಾನುವಾರ ಕೊಲ್ಹಾಪುರಕ್ಕೆ ಹೊರಟಿದ್ದೇವೆ. ಹೆಲ್ಮೆಟ್ ನಾವೇ ತರಬೇಕಾ? ಶೂ ಎಂಥದು ಬೇಕು?

ನವನಗರದ ಅಕ್ಕ (ಬಾಗಲಕೋಟೆ)

ತಮ್ಮಾ, ಓದಿ ಕಣ್ಣು ತುಂಬಿತು. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳು.

ವಿಆರ್‌ಎಸ್ ತಮ್ಮ (ವಿಜಯಪುರ)

ಭಾನುವಾರ ನಾನೂ ಬರಲಾ? ಬೆಳಗಾವಿಗೆ ಶನಿವಾರ ರಾತ್ರಿಯೇ ಬಂದುಬಿಡುತ್ತೇನೆ.

ಫೌಂಡ್ರಿ ಅಪ್ಪ (ಉದ್ಯಮಬಾಗ, ಬೆಳಗಾವಿ)

ಬಾ ತಮ್ಮ, ನಮ್ಮ ಮನೆಯಲ್ಲೇ ಇಳಿದುಕೋ. ಹಗಲಲ್ಲೇ ಹೊರಟು ಬಾ.

ಟಿಳಕವಾಡಿ ಕಾರ್ಟರ್ (ಬೆಳಗಾವಿ)

ಹೆಲ್ಮೆಟ್ ಸಾಮಾನ್ಯವಾಗಿ ಟ್ರ್ಯಾಕ್‌ನಲ್ಲೇ ಕೊಡುತ್ತಾರೆ. ಮನೆಯಲ್ಲಿ ಮುಖ ಪೂರ್ತಿ ಮುಚ್ಚುವ ಐಎಸ್‌ಐ ಹೆಲ್ಮೆಟ್ ಇದ್ದರೆ ಅದನ್ನೇ ಹಾಕಿಕೊಳ್ಳಿ, ಅಳತೆ ಸರಿ ಇರುತ್ತದೆ. ಒಳಗೆ ಹಾಕಲು ಹತ್ತಿಯ ಬಟ್ಟೆ ಒಂದು ಇರಲಿ. ಶೂ ತೆಳು ತಳದ್ದು, ಲೇಸ್ ಬಿಗಿಯಾಗಿ ಕಟ್ಟಿ ಒಳಗೆ ಸಿಕ್ಕಿಸಿ, ಪೆಡಲಿಗೆ ಸಿಗಬಾರದು. ಚಪ್ಪಲಿ ನಡೆಯಲ್ಲ. ಪೂರ್ತಿ ತೋಳಿನ ಅಂಗಿ, ಜೀನ್ಸ್. ಎಡಗಾಲಿನಿಂದ ಬ್ರೇಕ್ ಒತ್ತುವುದು ಮೊದಲ ಸಲ ವಿಚಿತ್ರ ಅನ್ನಿಸುತ್ತದೆ, ಅದಕ್ಕೆ ಮೊದಲ ಕೆಲವು ಸುತ್ತು ನಿಧಾನ ಹೋಗಿ. ಬೆಳಿಗ್ಗೆ ಆರಕ್ಕೆ ಹೊರಡೋಣ, ಬಿಸಿಲೇರುವ ಮೊದಲು ಟ್ರ್ಯಾಕ್‌ನಲ್ಲಿ ಇರಬೇಕು. ನಾಷ್ಟಾ ಸಂಕೇಶ್ವರದಲ್ಲಿ.